ಕಿಲ್‌ಫೆನೋರಾ ಮತ್ತು ಸುತ್ತಲಿನ ಹಳೇ ಚರ್ಚುಗಳು: ಯಾವ ಕೆತ್ತನೆ, ಯಾವ ಹೊತ್ತಿಗೆ, ಹೇಗೆ ನೋಡೋದು?

ನಕಾಶೆಪ್ರಿಯ

ಐರ್ಲೆಂಡಿನ ಕ್ಲೇರ್ ಕೌಂಟಿಯ ಕಿಲ್‌ಫೆನೋರಾಕ್ಕೆ ಒಂದು ದಿನ ಇಟ್ಟುಕೊಂಡಿದ್ದೇವೆ. ಅಕ್ಟೋಬರ್ ಮೊದಲ ವಾರ, ಎನ್ನಿಸ್‌ನಿಂದ ಕಾರು, ಮೂರು ಜನ. ಮೋಹರ್ ಕಡಲಬಂಡೆ, ಪಬ್ಬು, ಸಂಗೀತ ಇವೆಲ್ಲ ಈ ಸಲಕ್ಕೆ ಬೇಡ. ಕಲ್ಲುಗೆಲಸ ಮಾತ್ರ. ಕೇಳಬೇಕಾದ್ದು ಇಷ್ಟು:

ಊರಿನಲ್ಲಿ ನಿಜವಾಗಿ ನೋಡಬೇಕಾದ ಕಲ್ಲು ಯಾವುವು? ಸವೆದು ಮಸುಕಾದ ಉಬ್ಬುಗೆತ್ತನೆ ಕಣ್ಣಿಗೆ ಕಾಣಬೇಕಾದರೆ ಎಷ್ಟು ಹೊತ್ತಿಗೆ ಹೋಗಬೇಕು? ಹತ್ತಿರದಲ್ಲಿ ಇನ್ನೆರಡು ಮೂರು ಚರ್ಚು ಸೇರಿಸಿದರೆ ಯಾವ ಕ್ರಮ ಸರಿ? ನಮ್ಮ ಹತ್ತಿರ ಇರೋದು ಫೋನು, ಸಣ್ಣ ಟ್ರೈಪಾಡು, ಒಂದು ಎಲ್‌ಇಡಿ ಟಾರ್ಚು.

ಬೋದಿಗೆ

ಮೊದಲು ಊರಿನೊಳಗಿನದ್ದು ಹೇಳ್ತೀನಿ.

ಸಂತ ಫಾಕ್ಟ್‌ನನ ಹೆಸರಿನ ಕೆಥೀಡ್ರಲ್ಲು ಊರ ನಡುವೆ, ಸಮಾಧಿಗಳ ಮಧ್ಯೆ ಇದೆ. ಕೆಥೀಡ್ರಲ್ಲು ಅಂದ ಕೂಡಲೇ ದೊಡ್ಡದನ್ನು ಊಹಿಸಿಕೊಳ್ಳಬೇಡಿ, ನಮ್ಮ ಕಡೆಯ ಸಾಧಾರಣ ಊರಿನ ದೇವಸ್ಥಾನದಷ್ಟಿದೆ. ಅದು ಈಗ ಮೂರು ಪಾಲು. ಪಶ್ಚಿಮದ ಭಾಗಕ್ಕೆ ಮಾಡು ಇದೆ, ಚರ್ಚ್ ಆಫ್ ಐರ್ಲೆಂಡ್ ಅನ್ನೋ ಪ್ರೊಟೆಸ್ಟಂಟ್ ಪಂಗಡದವರು ಪ್ರಾರ್ಥನೆಗೆ ಬಳಸುತ್ತಾರೆ. ಪೂರ್ವದ ಭಾಗ, ಅಂದರೆ ಪೂಜಾಪೀಠ ಇದ್ದ ಚಾನ್ಸೆಲ್ಲು, ಬಯಲಾಗಿದೆ. ಉತ್ತರಕ್ಕೆ ಚಾಚಿದ ರೆಕ್ಕೆಗೆ 2005ರಲ್ಲಿ ಗಾಜಿನ ಮಾಡು ಹಾಕಿ ಶಿಲುಬೆಗಲ್ಲುಗಳನ್ನು ಅದರೊಳಗೆ ತಂದಿಟ್ಟರು. ಪಶ್ಚಿಮದ ಬಾಗಿಲು ಮುಚ್ಚಿದ್ದರೆ ವಾಪಸು ಹೋಗಬೇಡಿ. ಮುಖ್ಯವಾದದ್ದೆಲ್ಲ ಇರೋದು ಉಳಿದೆರಡು ಭಾಗಗಳಲ್ಲೇ.

ಚಾನ್ಸೆಲ್ಲಿನಲ್ಲಿ ಮೊದಲು ಪೂರ್ವದ ಕಿಟಕಿ ನೋಡಿ. 1200ರ ಆಸುಪಾಸಿನದು, ಮೂರು ಕಂಡಿ, ದುಂಡು ತಲೆ. ಕಂಡಿಗಳ ನಡುವಿನ ಕಂಬದ ಬೋದಿಗೆ ನೋಡೋದನ್ನು ಹೆಚ್ಚಿನವರು ಮರೀತಾರೆ. ಒಂದರಲ್ಲಿ ಎಲೆಬಳ್ಳಿ, ಇನ್ನೊಂದರಲ್ಲಿ ಒತ್ತೊತ್ತಾಗಿ ಕೂತ ಪುಟ್ಟ ಪಾದ್ರಿಗಳು. ಕೆಳಗಿನಿಂದ ಬರಿಗಣ್ಣಿಗೆ ಗಂಟುಗಂಟಾಗಿ ಕಾಣುತ್ತೆ ಅಷ್ಟೆ. 8×21 ಬೈನಾಕ್ಯುಲರ್ ಒಂದಿದ್ದರೆ ಮುಖಗಳು ಬಿಡಿಬಿಡಿಯಾಗುತ್ತವೆ. ಕಿಟಕಿಯ ಎರಡೂ ಪಕ್ಕ ಆಳೆತ್ತರದ ಪಾದ್ರಿ ಮೂರ್ತಿಗಳಿವೆ. ಒಬ್ಬ ಕೈಯೆತ್ತಿ ಹರಸುತ್ತಿರುವ ಬಿಷಪ್. ಉತ್ತರ ಗೋಡೆಯಲ್ಲಿ ಗಾಥಿಕ್ ಜಾಲರಿಯ ಆಸನಗೂಡು ಇದೆ, ಅದು ಕಿಟಕಿಗಿಂತ ಬಹಳ ಈಚಿನದು.

ಗಾಜಿನ ಮಾಡಿನ ಕೆಳಗೆ ಎಲ್ಲರೂ ಹುಡುಕಿಕೊಂಡು ಬರೋದು ಡೋರ್ಟಿ ಶಿಲುಬೆಯನ್ನ. 12ನೇ ಶತಮಾನದ್ದು.

ತುಂತುರುಮಳೆ

ಡೋರ್ಟಿ ಅಂದರೆ ಸಂತನ ಹೆಸರಾ?

ಬೋದಿಗೆ

ಅಲ್ಲ, ಊರಿನ ಒಂದು ಮನೆತನ. ಶಿಲುಬೆಯ ಕೆಳತುಂಡು ಅವರ ಮನೆಯವರ ಸಮಾಧಿಕಲ್ಲಾಗಿ ಬಿದ್ದಿತ್ತು. 1950ರ ದಶಕದಲ್ಲಿ ಮೇಲಿನ ತುಂಡಿನ ಜೊತೆ ಕೂಡಿಸಿ ನಿಲ್ಲಿಸಿದರು. ಹಾಗಾಗಿ ಶಿಲುಬೆಗೆ ಸಮಾಧಿಯ ಹೆಸರೇ ಉಳೀತು.

ಬಿಷಪ್ ಇರುವ ಮುಖದ ಮುಂದೆ ನಿಂತಾಗ ಕೈಯಲ್ಲಿರುವ ದಂಡಗಳನ್ನು ಎಣಿಸಿ. ಮೇಲೆ ಬಿಷಪ್, ಚೂಪು ಟೋಪಿ, ತುದಿ ಸುರುಳಿ ಸುತ್ತಿದ ದಂಡ. ಅದು ಯುರೋಪಿನ ಮುಖ್ಯಭೂಮಿಯ ಮಾದರಿ. ಅವನ ಕೆಳಗೆ ತೋಳಿಗೆ ತೋಳು ಸೇರಿಸಿದ ಇಬ್ಬರು. ಒಬ್ಬನದ್ದು ಇಂಗ್ಲಿಷಿನ ಟಿ ಅಕ್ಷರದ ಹಾಗೆ ಅಡ್ಡಪಟ್ಟಿಯ ದಂಡ, ಇನ್ನೊಬ್ಬನದ್ದು ತುದಿ ಬಾಗಿ ಥಟ್ಟನೆ ಕೆಳಗಿಳಿಯುವ ಐರಿಷ್ ದಂಡ. ಒಂದೇ ಕಲ್ಲಿನ ಮೇಲೆ ಮೂರು ಜಾತಿಯ ದಂಡ. ಇಬ್ಬರೂ ದಂಡವನ್ನು ಕೆಳಗಿನ ಪ್ರಾಣಿಯೊಳಕ್ಕೆ ಚುಚ್ಚುತ್ತಿದ್ದಾರೆ. ಹಿಂದಿನ ಮುಖದ ಬುಡದಲ್ಲಿ ಕುದುರೆ ಸವಾರ. ಯೇಸು ಜೆರುಸಲೇಮಿಗೆ ಬಂದದ್ದು ಅಂತ ಕೆಲವರು ಓದುತ್ತಾರೆ, ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ.

1152ರಲ್ಲಿ ಐರಿಷ್ ಚರ್ಚಿನವರು ಸೇರಿದ ಕೆಲ್ಸ್ ಸಭೆಯಲ್ಲಿ ಕಿಲ್‌ಫೆನೋರಾ ತನ್ನದೇ ಬಿಷಪ್ ಇರುವ ಪ್ರಾಂತ್ಯ ಅನ್ನಿಸಿಕೊಂಡಿತು. ಇಷ್ಟು ಚಿಕ್ಕ ಊರಿನ ಕಲ್ಲಿನಲ್ಲಿ ಇಷ್ಟೊಂದು ಬಿಷಪ್ ದಂಡ ಯಾಕೆ ಅನ್ನೋದಕ್ಕೆ ಇದೇ ಉತ್ತರ ಇರಬೇಕು. 1883ರಲ್ಲಿ ಇದರ ಕ್ಯಾಥೊಲಿಕ್ ಪ್ರಾಂತ್ಯವನ್ನು ಗಾಲ್ವೇ ಜೊತೆ ಸೇರಿಸಿದರು. ಗಾಲ್ವೇ ಬಿಷಪ್ಪನಿಗೆ ಇಲ್ಲಿ ಆಡಳಿತಗಾರನ ಪಟ್ಟ ಮಾತ್ರ ಸಿಕ್ಕಿದ್ದರಿಂದ, ಕಿಲ್‌ಫೆನೋರಾದ ಬಿಷಪ್ ಪೋಪ್ ಸ್ವಾಮಿಯೇ ಅಂತ ಊರವರು ಹೆಮ್ಮೆಯಿಂದ ಹೇಳುವ ರೂಢಿ ಬಂತು.

ಉಳಿಸುತ್ತಿಗೆ

ನೋಡ್ರಿ, ಒಂದು ಮಾತು ಮೊದಲs ಹೇಳಿಬಿಡ್ತೇನಿ. ಈ ಭಾಗದಾಗ ಎಷ್ಟೋ ಕೆತ್ತನಿ ಮೊದಲಿದ್ದ ಜಾಗಾದಾಗ ಉಳದಿಲ್ಲ. ಡೋರ್ಟಿ ಶಿಲುಬಿ ಎರಡು ತುಂಡು ಕೂಡಿಸಿ ನಿಲ್ಲಿಸಿದ್ದು, ಆಮ್ಯಾಲೆ ಒಳಗ ಸರಿಸಿದ್ದು. ಇನ್ನೊಂದು ಶಿಲುಬೀನ 1821ರಾಗ ಬಿಷಪ್ ರಿಚರ್ಡ್ ಮ್ಯಾಂಟ್ ಇದs ಕೌಂಟಿಯ ಕಿಲ್ಲಲೂ ಊರಿಗೆ ಒಯ್ದ, ಈಗ ಅಲ್ಲಿ ಸಂತ ಫ್ಲಾನನ್ ಕೆಥೀಡ್ರಲ್ಲಿನಾಗ ನಿಂತದ. ಎನ್ನಿಸ್ ಕಡೆಗಿರೋ ಡೈಸರ್ಟ್ ಓಡೀ ಅನ್ನೋ ಹಳೇ ಚರ್ಚಿನ ಬಾಗಿಲಾ ಬ್ಯಾರೆ ಕಡೆಯಿಂದ ತಂದು ಜೋಡಿಸಿದ್ದು. ಅದಕ್ಕ ಮೂರ್ತಿ ಯಾರದು ಅಂತ ಕೇಳೂಕಿಂತ ಮೊದಲ ಕಲ್ಲಿನ ಜೋಡು ಎಲ್ಲಿ ಬಂದದ ಅಂತ ನೋಡ್ರಿ. ಒಂದು ಕಲ್ಲಿನಿಂದ ಇನ್ನೊಂದಕ್ಕ ಹೋಗುವಾಗ ಜಡಿ ಹೆಣದಂಗ ಕೆತ್ತಿದ ಹೆಣಿಗಿ ಎಳಿ ಮ್ಯಾಲೆ, ಕೆಳಗ, ಮ್ಯಾಲೆ, ಕೆಳಗ ಅಂತ ಸರಿಯಾಗಿ ಸಾಗತೈತೇನು? ಜೋಡಿನ ಹತ್ತಿರ ಎರಡು ಸಲ ಮ್ಯಾಲೆ ಬಂತಂದ್ರ ಅವು ಒಂದಕ್ಕೊಂದು ಸೇರಿದ್ದಲ್ಲ, ಇಲ್ಲಾ ನಡುವ ಒಂದು ತುಂಡು ಕಳದದ.

ಮೂರನೇಕಣ್ಣು

ಬೆಳಕಿನ ಲೆಕ್ಕ ನನ್ನ ಪಾಲಿಗಿರಲಿ. ಸವೆದ ಕಲ್ಲಿನಲ್ಲಿ ಮುಕ್ಕಾಲು ಕೆಲಸ ಅದೇ.

ಉಬ್ಬುಗೆತ್ತನೆಯ ಎತ್ತರ ಎರಡು ಮೂರು ಮಿಲಿಮೀಟರಿಗೆ ಇಳಿದಿದ್ದರೆ ಎದುರಿನಿಂದ ಬೀಳುವ ಬೆಳಕಲ್ಲಿ ಏನೂ ಕಾಣಲ್ಲ. ಬೆಳಕು ಕಲ್ಲಿನ ಮೈಗೆ ತಾಗಿಕೊಂಡು, 7ರಿಂದ 15 ಡಿಗ್ರಿ ಕೋನದಲ್ಲಿ ಹರಿಯಬೇಕು. ಕಿಲ್‌ಫೆನೋರಾ ಸುಮಾರು 9.2 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಆದ್ದರಿಂದ ಸೂರ್ಯ ಸರಿಯಾಗಿ ದಕ್ಷಿಣಕ್ಕೆ ಬರೋದು ಗಡಿಯಾರದ ಹನ್ನೆರಡಕ್ಕಲ್ಲ. ಗ್ರೀನಿಚ್‌ಗಿಂತ 37 ನಿಮಿಷ ತಡ, ಬೇಸಿಗೆ ಗಡಿಯಾರಕ್ಕೆ ಇನ್ನೊಂದು ಗಂಟೆ, ಅಕ್ಟೋಬರ್ ಮೊದಲ ವಾರದಲ್ಲಿ ಸೂರ್ಯ ಗಡಿಯಾರಕ್ಕಿಂತ 11 ನಿಮಿಷ ಮುಂದೆ. ಎಲ್ಲ ಕೂಡಿ ಕಳೆದರೆ 13:26.

ಈಗ ಇದನ್ನು ಹೊರಗೆ ಹೊಲದಲ್ಲಿ ನಿಂತ ಶಿಲುಬೆಗೆ ಹೊಂದಿಸಿ. ಶಿಲುಬೆಯ ಮುಖಗಳು ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. 13:26ಕ್ಕೆ ಸೂರ್ಯ ಎರಡೂ ಮುಖಕ್ಕೆ ಪಕ್ಕದಲ್ಲಿರುತ್ತಾನೆ. ಅದಕ್ಕಿಂತ ಒಂದು ಗಂಟೆ ಮೊದಲು ಪೂರ್ವ ಮುಖದ ಮೇಲೆ ಬೆಳಕಿನ ಕೋನ ಸುಮಾರು 15, ಅರ್ಧ ಗಂಟೆ ಮೊದಲು 7. ಆಮೇಲೆ ಇದೇ ಲೆಕ್ಕ ತಿರುಗಿ ಪಶ್ಚಿಮ ಮುಖಕ್ಕೆ. ಅಂದರೆ 12:25ರಿಂದ 12:55 ಪೂರ್ವ ಮುಖ, 13:55ರಿಂದ 14:25 ಪಶ್ಚಿಮ ಮುಖ. ವರ್ಷದ ಯಾವ ದಿನಕ್ಕೂ ಈ ಒಂದು ಗಂಟೆಯ ಸೂತ್ರ ಹೆಚ್ಚುಕಡಿಮೆ ಹೀಗೇ ನಿಲ್ಲುತ್ತೆ. ಬದಲಾಗೋದು ನೆರಳು ಬೀಳುವ ದಿಕ್ಕು. ಜೂನ್‌ನಲ್ಲಿ ಸೂರ್ಯ 60 ಡಿಗ್ರಿ ಮೇಲಿರುತ್ತಾನೆ, ನೆರಳು ಕೆಳಕ್ಕೆ ಇಳಿಯುತ್ತೆ, ಹುಬ್ಬು ಮೂಗು ತುಟಿ ಚೆನ್ನಾಗಿ ಏಳುತ್ತವೆ. ಡಿಸೆಂಬರಿನಲ್ಲಿ 14 ಡಿಗ್ರಿಯೂ ಏರಲ್ಲ, ನೆರಳು ಅಡ್ಡಕ್ಕೆ ಓಡುತ್ತೆ, ಮಡಿಕೆ ಗೆರೆಗಳು ಏಳುತ್ತವೆ.

ಇದು ಉಪಯೋಗಕ್ಕೆ ಬರೋದು ಬಯಲಲ್ಲಿ ನಿಂತ ಪಶ್ಚಿಮದ ಶಿಲುಬೆಗೆ. ಕೆಥೀಡ್ರಲ್ಲಿನ ಪಶ್ಚಿಮಕ್ಕೆ ನೂರು ಮೀಟರಿನಷ್ಟು ದೂರದ ಹೊಲದಲ್ಲಿದೆ, ನಾಲ್ಕು ಮೀಟರಿಗೂ ಎತ್ತರ. ಪೂರ್ವ ಮುಖದಲ್ಲಿ ಶಿಲುಬೆಗೇರಿದ ಯೇಸು, ಕಾಲ ಕೆಳಗಿಂದ ಹಗ್ಗದ ಹಾಗೆ ಎರಡು ಗೆರೆ ಇಳಿದು ಬುಡದ ತ್ರಿಕೋನದಂಥ ಆಕಾರಕ್ಕೆ ಸೇರುತ್ತವೆ. ಆ ಹಗ್ಗದ ಗೆರೆ ಮೋಡ ಕವಿದ ಬೆಳಕಲ್ಲಿ ಪೂರ್ತಿ ಮಾಯ.

ಕೊನೆಗೊಂದು ಎಚ್ಚರಿಕೆ. ಚರ್ಚಿನ ಪೂರ್ವ ಅಂದರೆ ದಿಕ್ಸೂಚಿಯ ಪೂರ್ವ ಅಂತ ನಂಬಬೇಡಿ. ಮುಖ 15 ಡಿಗ್ರಿ ತಿರುಗಿದ್ದರೆ ನಿಮ್ಮ ಹೊತ್ತು ಹತ್ತಿರಹತ್ತಿರ ಒಂದು ಗಂಟೆ ಸರಿಯುತ್ತೆ. ಹೋದ ತಕ್ಷಣ ಫೋನಿನ ಕಂಪಾಸ್ ಹಿಡಿದು ನೋಡಿ, ಕಾರಿನ ಪಕ್ಕ ನಿಂತು ಅಲ್ಲ.

ತುಂತುರುಮಳೆ

ಕ್ಲೇರ್‌ನಲ್ಲಿ ಅಕ್ಟೋಬರಿನಲ್ಲಿ ಬಿಸಿಲು ಅಂತ ಇಷ್ಟು ನಿಮಿಷಗಳ ಲೆಕ್ಕ ಹಾಕೋದು ನೋಡಿ ನಗು ಬಂತು 🙂 ಮೋಡ ಇದ್ದರೆ? ಮತ್ತೆ ಗಾಜಿನ ಮಾಡಿನ ಕೆಳಗೆ?

ಮೂರನೇಕಣ್ಣು

ನಗೋ ವಿಷಯವೇ. ಎರಡಕ್ಕೂ ಟಾರ್ಚು.

ಗಾಜಿನ ಕೆಳಗೆ ಬೆಳಕು ಎಲ್ಲ ಕಡೆಯಿಂದ ಹರಡಿ ಬರುತ್ತೆ, ಹಾಗಾಗಿ ಡೋರ್ಟಿ ಶಿಲುಬೆ ಫೋಟೋದಲ್ಲಿ ಚಪ್ಪಟೆಯಾಗುತ್ತೆ. ಅದಕ್ಕೆ ಪರಿಹಾರ ಕಪ್ಪು ಕೊಡೆ. ಒಬ್ಬರು ಕೊಡೆ ಬಿಚ್ಚಿ ನೀವು ನೋಡುತ್ತಿರುವ ಎರಡಡಿ ಜಾಗಕ್ಕೆ ಮೇಲಿನ ಬೆಳಕು ತಡೆಯಿರಿ. ಇನ್ನೊಬ್ಬರು 300ರಿಂದ 500 ಲೂಮೆನ್ ಟಾರ್ಚನ್ನು ಒಂದು ಮೀಟರ್ ದೂರದಿಂದ, ಕಲ್ಲಿಗೆ ಒರಗಿಕೊಂಡಂತೆ ಹಿಡಿಯಿರಿ. ಕಲ್ಲನ್ನು ಮುಟ್ಟಬೇಡಿ. ಫೋನು ಟ್ರೈಪಾಡಿನ ಮೇಲೆ, ಮೂರು ಸೆಕೆಂಡಿನ ಟೈಮರು, ಐಎಸ್‌ಓ 100, ಫೋಕಸ್ಸು ಮತ್ತು ಎಕ್ಸ್‌ಪೋಷರು ಲಾಕ್. ಟಾರ್ಚನ್ನು ಗಡಿಯಾರದ ಮುಳ್ಳಿನ ಹಾಗೆ ಸುತ್ತ ತಿರುಗಿಸುತ್ತ ಎಂಟರಿಂದ ಹನ್ನೆರಡು ಚಿತ್ರ ತೆಗೆಯಿರಿ. ಫೋನು ಒಂದಿಂಚೂ ಅಲುಗಬಾರದು. ಆಮೇಲೆ ಒಂದರ ಮೇಲೊಂದು ಬೇಗಬೇಗ ತಿರುವಿದರೆ ಯಾವುದು ಗೆರೆ, ಯಾವುದು ಬರೀ ಕಲೆ ಅಂತ ಗೊತ್ತಾಗುತ್ತೆ. ಗೆರೆಯ ನೆರಳು ಟಾರ್ಚಿನ ಜೊತೆ ಪಕ್ಕ ಬದಲಿಸುತ್ತೆ. ಕಲೆ ಎಲ್ಲ ಚಿತ್ರದಲ್ಲೂ ಇದ್ದಲ್ಲೇ ಇರುತ್ತೆ.

ಎಡವೋದು ಎಲ್ಲಿ ಅಂದರೆ, ಟಾರ್ಚನ್ನು ತೀರಾ ಹತ್ತಿರ ಹಿಡಿದು ಒಂದು ಕಡೆ ಬಿಳುಚಿ ಇನ್ನೊಂದು ಕಡೆ ಕತ್ತಲಾಗೋದು. ಆಗ ದೂರ ಸರಿಯಿರಿ, ಶಟರ್ ಸಮಯ ಹೆಚ್ಚಿಸಿ, ಟಾರ್ಚನ್ನು ಬಲಪಡಿಸಬೇಡಿ.

ಮೋಡ ಇದ್ದ ದಿನಕ್ಕೆ ಬೇರೊಂದು ಲಾಭ ಇದೆ. ಫೋಟೋಗಳಿಂದ ಮೂರು ಆಯಾಮದ ಮಾದರಿ ಕಟ್ಟುವವರಿಗೆ ಬಿಸಿಲೇ ಶತ್ರು, ಯಾಕೆಂದರೆ ನೆರಳು ಚಲಿಸುತ್ತೆ. ಸಮನಾದ ಮೋಡದ ಬೆಳಕಲ್ಲಿ ಶಿಲುಬೆಯ ಸುತ್ತ ಮೂರು ಎತ್ತರದಲ್ಲಿ ಮೂರು ಸುತ್ತು, ಪ್ರತಿ ಚಿತ್ರ ಹಿಂದಿನದರ ಮುಕ್ಕಾಲು ಭಾಗ ಹೊದೆಯುವ ಹಾಗೆ, ಒಟ್ಟು 100ರಿಂದ 150 ಚಿತ್ರ. ಝೂಮ್ ಮುಟ್ಟಬೇಡಿ, ಫ್ಲಾಷ್ ಬೇಡ, ಬುಡದಲ್ಲಿ ಒಂದು ಅಳತೆಪಟ್ಟಿ ಇಡಿ. ಪಶ್ಚಿಮದ ಶಿಲುಬೆಯಲ್ಲಿ ಮಾದರಿ ಕೆಡೋದು ತಲೆಭಾಗದಲ್ಲಿ, ಕೆಳಗೆ ನಿಂತವರಿಗೆ ತೋಳಿನ ಮೇಲ್ಮೈ ಕಾಣೋದೇ ಇಲ್ಲ. ಎರಡು ಮೀಟರಿನ ಕೋಲಿಗೆ ಫೋನು ಸಿಕ್ಕಿಸಿ ಎತ್ತಿದರೆ ಆ ತೂತು ಮುಚ್ಚುತ್ತೆ.

ಸುಣ್ಣದಗಾರೆ

ಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ.

ಇದು ಬಳಪದ ಕಲ್ಲಲ್ಲ. ಬೇಲೂರು ಹಳೇಬೀಡಿನ ಕಣ್ಣಲ್ಲಿ ನೋಡಿದರೆ ನಿರಾಸೆಯಾಗುತ್ತೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗೆ, ಆಮೇಲೆ ಗಟ್ಟಿ. ಮಳೆನೀರಿಗೆ ಕರಗಲ್ಲ. ಕಿಲ್‌ಫೆನೋರಾ ಸುತ್ತಲಿನ ಬೋಳು ಕಲ್ಲುನಾಡಿಗೆ ಬರ್ರನ್ ಅಂತ ಹೆಸರು. ಬರ‍್ರನ್ನಿನದ್ದು ಸುಣ್ಣಕಲ್ಲು, 33 ಕೋಟಿ ವರ್ಷಕ್ಕೂ ಹಿಂದಿನ ಬೆಚ್ಚನೆಯ ಆಳವಿಲ್ಲದ ಕಡಲಿನ ತಳ. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸಣ್ಣಗೆ ಹುಳಿಯಾಗುತ್ತೆ, ಸುಣ್ಣಕಲ್ಲನ್ನು ನೆಕ್ಕುತ್ತೆ. ಒಂಬತ್ತು ನೂರು ವರ್ಷ ನೆಕ್ಕಿದ ಮೇಲೆ ಉಳಿದದ್ದು ಇದು.

ಇದರಿಂದ ಹುಟ್ಟುವ ಒಂದು ಭ್ರಮೆ ತಿಳಿದಿರಲಿ. ಕಲ್ಲಿನೊಳಗಿನ ಪಳೆಯುಳಿಕೆ ಸುತ್ತಲಿನ ಕಲ್ಲಿಗಿಂತ ನಿಧಾನ ಕರಗೋದರಿಂದ ಮೈಮೇಲೆ ಎದ್ದು ನಿಲ್ಲುತ್ತೆ. ಕಡಲಲಿಲಿ ಅನ್ನೋ ಜೀವಿಯ ಕಾಂಡದ ತುಂಡುಗಳು 5ರಿಂದ 10 ಮಿಲಿಮೀಟರಿನ ಬಿಲ್ಲೆ, ನಡುವೆ ತೂತು, ಥೇಟ್ ಮಣಿಯ ಹಾಗೆ. ಅವನ್ನು ಬಿಷಪ್ಪನ ಅಂಗಿಯ ಮಣಿಸಾಲು ಅಂತ ಓದಿಬಿಡೋದು ಸುಲಭ. ಪತ್ತೆ ಮಾಡೋದು ಹೀಗೆ: ಕೆತ್ತಿದ ಮಣಿಗಳು ಸಾಲಿನಲ್ಲಿರುತ್ತವೆ, ಒಂದೇ ಅಳತೆ. ಪಳೆಯುಳಿಕೆ ಚೆಲ್ಲಾಪಿಲ್ಲಿ, ಕೆಲವು ಓರೆಯಾಗಿ ಕತ್ತರಿಸಿ ಮೊಟ್ಟೆಯಾಕಾರ. ಕೆತ್ತನೆಯಿಲ್ಲದ ಪಕ್ಕದ ಮೈಯಲ್ಲೂ ಅವೇ ಇವೆಯಾ ನೋಡಿ. ಇದ್ದರೆ ಅದು ಶಿಲ್ಪಿಯದ್ದಲ್ಲ, ಕಡಲಿನದ್ದು.

ಇನ್ನೊಂದು, ಉಳಿಯ ಗುರುತು. ಹನ್ನೆರಡು ಹದಿಮೂರನೇ ಶತಮಾನದ ಕೆಲಸದಲ್ಲಿ ಕಲ್ಲಿನ ಮೈ ಮೇಲೆ ಓರೆಯಾಗಿ ಸಾಗುವ ಸಣ್ಣ ಸಮಾನಾಂತರ ಗೀರು. ಹದಿನೈದನೇ ಶತಮಾನದ ಸುಣ್ಣಕಲ್ಲಿನಲ್ಲಿ ಅಂಚಿಗೆ ಚಪ್ಪಟೆ ಉಳಿಯ ಪಟ್ಟಿ, ಒಳಗೆಲ್ಲ ಚೂಪು ಉಳಿಯ ಚುಕ್ಕಿ ಚುಕ್ಕಿ ಗುಳಿ. ಬಾಗಿಲ ಪಕ್ಕದ ಒಂದೊಂದೇ ಕಲ್ಲಿಗೆ ಇದನ್ನು ಹೊಂದಿಸಿ ನೋಡಿದರೆ ಯಾವುದನ್ನು ಆಮೇಲೆ ತುರುಕಿದ್ದು ಅಂತ ಹೊರಬೀಳುತ್ತೆ. ಗಾಲ್ವೇ ಕೌಂಟಿಯ ಕ್ಲಾನ್‌ಫರ್ಟ್‌ನಲ್ಲಿ ಇದು ಎದ್ದು ಕಾಣುತ್ತೆ. ಹೊರಗಿನ ಕಮಾನುಗಳು 12ನೇ ಶತಮಾನದ ಕಂದು ಮರಳುಗಲ್ಲು, ಎಲ್ಲಕ್ಕಿಂತ ಒಳಗಿನದು 15ನೇ ಶತಮಾನದಲ್ಲಿ ಸೇರಿಸಿದ ಬೂದು ಸುಣ್ಣಕಲ್ಲು.

ಉಳಿಸುತ್ತಿಗೆ

ಸುಣ್ಣದಗಾರೆಯವರು ಹೇಳಿದ್ದು ಖರೆ. ಆದ್ರ ಶಿಲುಬಿ ಒಳಗ ಸರಿಸಿದ್ದು ನನಗ ಇನ್ನೂ ಒಪ್ಪಿಗಿ ಇಲ್ಲ. ಶಿಲುಬಿ ಅಂದ್ರ ಬರೇ ಮೂರ್ತಿ ಅಲ್ಲ, ಗುರುತು. ಕ್ರೈಸ್ತ ಸನ್ಯಾಸಿಗಳ ಆಶ್ರಮದಾಗ ಎಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತು ಅನ್ನೋದು ಅದರ ಅರ್ಧ ಅರ್ಥ. ಗಾಜಿನ ಕೆಳಗ ಸಾಲಾಗಿ ನಿಲ್ಲಿಸಿದ ಮ್ಯಾಲೆ ಅವು ವಸ್ತುಸಂಗ್ರಹಾಲಯದ ಸಾಮಾನು.

ಸುಣ್ಣದಗಾರೆ

ದಿಕ್ಕು ಕಳೆದದ್ದು ನಿಜ, ಆದರೆ ಡೋರ್ಟಿ ವಿಷಯದಲ್ಲಿ ಆ ವಾದ ನಿಲ್ಲಲ್ಲ. ಅರ್ಧ ಸಮಾಧಿಕಲ್ಲಾಗಿ ಬಿದ್ದಾಗಲೇ ಅದರ ಮೂಲ ಜಾಗ ಹೋಗಿತ್ತು. ಸುಣ್ಣಕಲ್ಲಿನ ಕೆತ್ತನೆಗೆ ಮಳೆ ನಿಲ್ಲಿಸೋದೊಂದೇ ಔಷಧ. ಮೇಣ, ಸಿಲಿಕೋನು ಬಳಿದರೆ ಒಳಗಿನ ತೇವ ಹೊರಬರಲಾಗದೆ ಮೇಲ್ಪದರ ಹಪ್ಪಳದ ಹಾಗೆ ಏಳುತ್ತೆ. ಪಶ್ಚಿಮದ ಶಿಲುಬೆ ಹೊರಗೇ ಇದೆಯಲ್ಲ, ಎರಡರ ಮೈಯನ್ನೂ ಒಂದೇ ದಿನ ಹೋಲಿಸಿ ನೋಡಲಿ, ಆಮೇಲೆ ನಕಾಶೆಪ್ರಿಯರೇ ತೀರ್ಪು ಕೊಡಲಿ.

ಕೆಂಪುಚುಕ್ಕಿ

ಸುತ್ತಲಿನ ಜಾಗ ಹುಡುಕೋ ಬಗ್ಗೆ. ರಾಷ್ಟ್ರೀಯ ಸ್ಮಾರಕ ಸೇವೆಯವರ ಹಿಸ್ಟಾರಿಕ್ ಎನ್ವಿರಾನ್ಮೆಂಟ್ ವ್ಯೂವರ್ ಅನ್ನೋ ನಕ್ಷೆ ಪುಕ್ಕಟೆ. ಚುಕ್ಕಿ ಒತ್ತಿದರೆ ಸ್ಮಾರಕದ ಸಂಖ್ಯೆ, ಬಗೆ, ಹಲವಕ್ಕೆ ವಿವರಣೆಯೂ ಬರುತ್ತೆ. ಸಂಖ್ಯೆಯ ಮೊದಲ ಎರಡಕ್ಷರ ಕೌಂಟಿ, ಕ್ಲೇರ್‌ಗೆ ಸಿಎಲ್. ಅದೇ ಜಾಗದ 1840ರ ಸುಮಾರಿನ, ಮೈಲಿಗೆ ಆರಿಂಚಿನ ಸರ್ವೆ ನಕ್ಷೆಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಸ್ಮಶಾನದ ಗೋಡೆ ಅಥವಾ ಹೊಲದ ಬೇಲಿ ಚೌಕವಾಗಿರದೆ ಬಿಲ್ಲಿನ ಹಾಗೆ ಬಾಗಿದ್ದರೆ ಅದು ಹಳೇ ಆಶ್ರಮದ ಆವರಣದ ಗುರುತಿರಬಹುದು. ಕಾಗದದ ನಕ್ಷೆ ಬೇಕಿದ್ದರೆ ಡಿಸ್ಕವರಿ ಸರಣಿಯ 51ನೇ ಹಾಳೆ, 1:50,000.

ಹೆಸರುಗಳು ಸುಳಿವು ಕೊಡುತ್ತವೆ, ಮೋಸವನ್ನೂ ಮಾಡುತ್ತವೆ. ಕಿಲ್ ಅಂದರೆ ಬಹುಪಾಲು ಐರಿಷಿನ ಕಿಲ್ಲ್, ಚರ್ಚು, ಲ್ಯಾಟಿನ್ನಿನ ಸೆಲ್ಲಾದಿಂದ ಬಂದದ್ದು. ಆದರೆ ಕಾಡು ಅನ್ನೋ ಪದವೂ ಇಂಗ್ಲಿಷಿಗೆ ಬರುವಾಗ ಎಷ್ಟೋ ಕಡೆ ಕಿಲ್ ಆಗಿಬಿಟ್ಟಿದೆ. ಲೋಗನಿಮ್ ಅನ್ನೋ ಸ್ಥಳನಾಮ ಕೋಶದಲ್ಲಿ ಐರಿಷ್ ರೂಪ ನೋಡದೆ ಚರ್ಚು ಹುಡುಕಿಕೊಂಡು ಹೊರಟರೆ ಮರವೂ ಇಲ್ಲದ ಗುಡ್ಡದ ಮೇಲೆ ನಿಲ್ಲುತ್ತೀರಿ. ಡೈಸರ್ಟ್ ಅಂದರೆ ಮರುಭೂಮಿ ಅನ್ನೋ ಲ್ಯಾಟಿನ್ ಪದವೇ, ಏಕಾಂತಕ್ಕೆ ಹೋದ ತಪಸ್ವಿಯ ಜಾಗ. ಟೆಂಪಲ್ ಅಂತ ಬಂದರೂ ಚರ್ಚೇ.

ನಕ್ಷೆಯಲ್ಲಿ ಚುಕ್ಕಿ ಇದ್ದ ಮಾತ್ರಕ್ಕೆ ಒಳಗೆ ಹೋಗುವ ಹಕ್ಕಿಲ್ಲ. ಹೆಚ್ಚಿನವು ಖಾಸಗಿ ಹೊಲ. ಮನೆ ಕಂಡರೆ ಕೇಳಿ, ಗೇಟು ಹೇಗಿತ್ತೋ ಹಾಗೇ ಬಿಡಿ, ನಾಯಿ ತರಬೇಡಿ, ಹೋರಿ ಇದ್ದರೆ ಆ ಶತಮಾನವನ್ನೇ ಬಿಟ್ಟುಬಿಡಿ.

ಬೋದಿಗೆ

ಕ್ರಮ ಕೇಳಿದ್ದಿರಿ. ಆರ್ 476 ರಸ್ತೆ ಹಿಡಿದರೆ ಕಾರೋಫಿನ್, ಕಿಲಿನಬಾಯ್, ಲೆಮನೇ ಕೋಟೆ, ಕಿಲ್‌ಫೆನೋರಾ ಒಂದೇ ದಾರದ ಮಣಿಗಳು. ದಕ್ಷಿಣಕ್ಕೆ, ಎನ್ನಿಸ್ ಕಡೆಗೆ ಡೈಸರ್ಟ್ ಓಡೀ.

ಕಿಲಿನಬಾಯ್‌ನಲ್ಲಿ ಮೂರು ವಿಷಯ. ಸ್ಮಶಾನದಲ್ಲಿ ದುಂಡುಗೋಪುರದ ಬುಡ. ಚರ್ಚಿನ ಪಶ್ಚಿಮ ಗೋಡೆಯ ಹೊರಮೈಯಲ್ಲಿ ಉಬ್ಬುಕಲ್ಲುಗಳಿಂದ ಕಟ್ಟಿದ ಎರಡು ಅಡ್ಡಪಟ್ಟಿಯ ಶಿಲುಬೆ, ಗೋಡೆಯ ಎತ್ತರಕ್ಕೆ. ತುಂಬಾ ಹತ್ತಿರ ಹೋದವರಿಗೆ ಕಾಣಲ್ಲ, ಹಿಂದೆ ಸರಿದು ರಸ್ತೆಯ ಕಡೆಯಿಂದ ನೋಡಿ. ಮತ್ತೆ ದಕ್ಷಿಣದ ಬಾಗಿಲ ಮೇಲೆ ಶೀಲಾ ನ ಗಿಗ್, ಕಾಲಗಲಿಸಿ ಯೋನಿ ತೋರುತ್ತಿರುವ ಹೆಂಗಸಿನ ಮೂರ್ತಿ. ಕೆಟ್ಟದ್ದನ್ನು ಓಡಿಸಲಿಕ್ಕೆ ಅಂತಲೂ, ಕಾಮದ ಬಗ್ಗೆ ಎಚ್ಚರಿಕೆ ಅಂತಲೂ ವಾದಗಳಿವೆ. ನಮ್ಮ ಲಜ್ಜಾಗೌರಿ ನೆನಪಾಗೋದು ಸಹಜ, ಆದರೆ ಲಜ್ಜಾಗೌರಿ ಪೂಜೆಯ ಮೂರ್ತಿ, ತಲೆಯ ಜಾಗದಲ್ಲಿ ಕಮಲ. ಇದು ಬಾಗಿಲ ಮೇಲಿನ ಕಾವಲು, ಮುಖ ದೊಡ್ಡದು, ಒರಟು. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಡೈಸರ್ಟ್ ಓಡೀ ಬಾಗಿಲಿಗೆ ಒಂದು ಗಂಟೆ ಇಟ್ಟುಕೊಳ್ಳಿ. ಹೊರ ಕಮಾನಿನಲ್ಲಿ 19 ಕಮಾನುಗಲ್ಲು, ಪ್ರತಿಯೊಂದರಲ್ಲೂ ಒಂದು ತಲೆ. 12 ಮನುಷ್ಯರದ್ದು, 7 ಪ್ರಾಣಿಗಳದ್ದು. ಮೀಸೆ, ಗಡ್ಡ, ಗಲ್ಲದ ಎಲುಬು ನೋಡಿದರೆ ಒಂದರ ಹಾಗೆ ಇನ್ನೊಂದಿಲ್ಲ. ಬಾಗಿಲನ್ನು 17ನೇ ಶತಮಾನದಲ್ಲಿ ಈಗಿನ ಜಾಗಕ್ಕೆ ಕೂಡಿಸಿದ್ದು ಅನ್ನೋದು ಬಹುಮತ. ಉಳಿಸುತ್ತಿಗೆ ಹೇಳಿದ ಜೋಡಿನ ಪರೀಕ್ಷೆ ಇಲ್ಲಿ ಮಾಡಿ. ಕಮಾನುಗಲ್ಲುಗಳ ನಡುವಿನ ಸಂದು ಕೆಲವು ಕಡೆ ಬಿಗಿ, ಕೆಲವು ಕಡೆ ಗಾರೆ ತುಂಬಿದ ಬೆರಳಗಲ.

ಚರ್ಚಿನ ಪೂರ್ವದ ಹೊಲದಲ್ಲಿ ಶಿಲುಬೆ. ಅದಕ್ಕೆ ಉಂಗುರವಿಲ್ಲ. ಉದ್ದಂಗಿಯ ಯೇಸು ಮೇಲೆ, ಬಿಷಪ್ ಕೆಳಗೆ, ಎರಡೂ ದೊಡ್ಡದಾಗಿ ಮೈಯಿಂದ ಹೊರಚಾಚಿವೆ. ಇದಕ್ಕಿಂತ ಹಳೆಯದಾದ, ಮೊನಾಸ್ಟರ್‌ಬಾಯ್ಸ್ ಆಶ್ರಮದ ಮುಯಿರೆದಾಕ್ ಶಿಲುಬೆಯಲ್ಲಿ ಬೈಬಲ್ಲಿನ ಕಥೆಗಳು ಚೌಕಚೌಕವಾಗಿ ತುಂಬಿಕೊಂಡಿವೆ. 12ನೇ ಶತಮಾನಕ್ಕೆ ಬರುವಾಗ ಕಥೆ ಹೋಗಿ ಬಿಷಪ್ ಬಂದ. ಬಿಷಪ್ಪನ ಬಲಗೈ ಜಾಗದಲ್ಲಿ ತೂತು ಕಾಣುತ್ತೆ. ಅದು ಮುರಿದದ್ದಲ್ಲ, ತೋಳನ್ನು ಬೇರೆಯಾಗಿ ಕೆತ್ತಿ ಸಿಕ್ಕಿಸುತ್ತಿದ್ದ ಕುಳಿ. ತೋಳು ಕಳೆದಿದೆ. ಶಿಲುಬೆಯನ್ನು 1683ರಲ್ಲಿ ಮೈಕೆಲ್ ಓಡೀ ಎತ್ತಿ ನಿಲ್ಲಿಸಿದ್ದು, 1871ರಲ್ಲಿ ಮತ್ತೆ ಸರಿಪಡಿಸಿದ್ದು ಬುಡದ ಬರಹಗಳಲ್ಲೇ ಇದೆ.

ಮೂರನೇಕಣ್ಣು

ಆ ಬಾಗಿಲು ದಕ್ಷಿಣದ ಗೋಡೆಯಲ್ಲಿದೆ, ಹಾಗಾಗಿ ಲೆಕ್ಕ ತಲೆಕೆಳಗು. ಮಧ್ಯಾಹ್ನ ಬೆಳಕು ನೇರ ಮುಖಕ್ಕೆ ಹೊಡೆದು 19 ತಲೆಯೂ ಹಿಟ್ಟು ಬಳಿದ ಹಾಗೆ ಆಗುತ್ತವೆ. ಅಕ್ಟೋಬರ್ ಮೊದಲ ವಾರದಲ್ಲಿ ಬೆಳಿಗ್ಗೆ 8:40ಕ್ಕೆ, ಇಲ್ಲ ಸಂಜೆ 18:10ಕ್ಕೆ ಬೆಳಕು 17 ಡಿಗ್ರಿಗೆ ಇಳಿದಿರುತ್ತೆ. ಬೆಳಿಗ್ಗೆ ಹತ್ತಕ್ಕಾಗಲೇ 30 ದಾಟುತ್ತೆ. ಸೂರ್ಯಾಸ್ತ ಏಳು ದಾಟಿದ ಮೇಲೆ, ಆದ್ದರಿಂದ ಡೈಸರ್ಟನ್ನು ದಿನದ ಕೊನೆಗಿಡಿ. ಆಗ ಶಿಲುಬೆಯ ಪೂರ್ವ ಮುಖ ನೆರಳಲ್ಲಿರುತ್ತೆ, ಅದಕ್ಕೆ ಕೊಡೆಯೂ ಬೇಡ, ಬರೀ ಟಾರ್ಚು ಸಾಕು.

ತುಂತುರುಮಳೆ

ಬೆಳಿಗ್ಗೆಯ ಹೊತ್ತು ಖಾಲಿ ಉಳೀತಲ್ಲ?

ಬೋದಿಗೆ

ಕಾರ್ಕಮ್ರೋ ಮಠ. ಬೆಲ್‌ಹಾರ್ಬರ್ ಹತ್ತಿರ, ಸಿಸ್ಟರ್ಷಿಯನ್ ಪಂಗಡದ ಸನ್ಯಾಸಿಗಳದ್ದು, 1190ರ ದಶಕದಲ್ಲಿ ಶುರುವಾದದ್ದು. ಲ್ಯಾಟಿನ್ ಹೆಸರಿನ ಅರ್ಥ ಫಲವತ್ತಾದ ಬಂಡೆಯ ಮೇರಿಮಾತೆ. ಸುತ್ತಲಿನ ಬೋಳು ಕಲ್ಲುಗುಡ್ಡ ನೋಡಿದರೆ ಆ ಹೆಸರಿಟ್ಟವನ ಧೈರ್ಯ ಮೆಚ್ಚಬೇಕು. ಪೂರ್ವದ ಭಾಗದ ಬೋದಿಗೆಗಳಲ್ಲಿ ಹೂವುಗಳನ್ನು ನೋಡಿ. ಗಸಗಸೆ ಕಾಯಿ ಗುರುತು ಹಿಡಿಯುವಷ್ಟು ಸ್ಪಷ್ಟ. ಅಲ್ಲಿಂದ ಪಶ್ಚಿಮಕ್ಕೆ ನಡೆದಂತೆ ಕೆತ್ತನೆ ತೆಳುವಾಗಿ ಬರಿಗೋಡೆಯಾಗುತ್ತೆ, ದುಡ್ಡು ಮುಗಿದದ್ದನ್ನು ಕಲ್ಲೇ ಹೇಳುತ್ತೆ. ಉತ್ತರದ ಗೋಡೆಯ ಗೂಡಿನಲ್ಲಿ ಕಾನರ್ ಓಬ್ರಾಯನ್ ರಾಜನ ಮಲಗಿದ ಮೂರ್ತಿ, ಅವನು ಸತ್ತದ್ದು 1268ರಲ್ಲಿ.

ಸುಣ್ಣದಗಾರೆ

ಹೋಗುವ ಮೊದಲು, ಮಾಡಬಾರದ್ದು. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಹಿಟ್ಟು, ಶೇವಿಂಗ್ ನೊರೆ ಹಚ್ಚೋದು ಬೇಡ. ಹಿಟ್ಟು ಸೂಕ್ಷ್ಮಜೀವಿಗಳಿಗೆ ಊಟ, ನೊರೆಯಲ್ಲಿರುವ ರಾಸಾಯನಿಕ ರಂಧ್ರದಲ್ಲಿ ಉಳಿಯುತ್ತೆ. ನೆರಳಲ್ಲಿರುವ ಸಮಾಧಿಕಲ್ಲು ಓದಬೇಕಾದರೆ ಒಂದಡಿ ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಹಾಯಿಸಿ, ಅಷ್ಟೇ ಸಾಕು. ಬಿಳಿ, ಕಿತ್ತಳೆ ಬಣ್ಣದ ಕಲ್ಲುಹೂವನ್ನು ಕೆರೆಯಬೇಡಿ. ನಮ್ಮಲ್ಲಿ ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟರೇ ಅವು, ಆದರೆ ಇಲ್ಲಿನವು ಕಲ್ಲಿನ ಮೇಲ್ಪದರದೊಳಕ್ಕೆ ಎಳೆ ಬಿಟ್ಟಿರುತ್ತವೆ. ಕೆರೆದರೆ ಕೆತ್ತನೆಯೂ ಜೊತೆಗೆ ಬರುತ್ತೆ. ಐವಿ ಬಳ್ಳಿ ಎಳೆಯಬೇಡಿ, ಸಂದಿನೊಳಗೆ ಬೇರು ದಪ್ಪಗಾಗಿ ಕಲ್ಲನ್ನು ಅದೇ ಹಿಡಿದಿರುತ್ತೆ. ಲೋಹಶೋಧಕ ಕಾರಿನಲ್ಲೂ ಬೇಡ, ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಕೈಯಲ್ಲಿರೋದೇ ಅಪರಾಧ.

ಗೋಡೆಯಲ್ಲಿ ಸಿಮೆಂಟು ಕಂಡರೆ ಗುರುತು ಹೀಗೆ: ಬೂದು, ನುಣುಪು, ಕಲ್ಲಿಗಿಂತ ಮುಂದಕ್ಕೆ ಉಬ್ಬಿರುತ್ತೆ, ಅಂಚಿನಲ್ಲಿ ಕೂದಲೆಳೆಯ ಬಿರುಕು. ಆ ಬಿರುಕಿನಲ್ಲಿ ನೀರು ಇಳಿಯುತ್ತೆ, ಹೊರಬರೋಕೆ ದಾರಿಯಿಲ್ಲ. ಆಗ ಸಂದಿನ ಬದಲು ಕಲ್ಲೇ ಸವೆಯುತ್ತೆ. ಸುಣ್ಣದ ಗಾರೆ ಕೆನೆಬಣ್ಣ, ಮರಳಿನ ಕಾಳು ಕಾಣುತ್ತೆ, ಕಲ್ಲಿಗಿಂತ ಚೂರು ಒಳಗಿರುತ್ತೆ. ಈ ಗಾರೆಗೆ 5 ಡಿಗ್ರಿಗಿಂತ ಚಳಿಯಲ್ಲಿ ಕೆಲಸವಿಲ್ಲ. ಅದಕ್ಕೇ ಅಕ್ಟೋಬರಿನಲ್ಲಿ ದುರಸ್ತಿಯವರು ಗೋಣಿತಾಟು ಹೊದಿಸಿ ಗಂಟು ಕಟ್ಟಿ ಹೊರಟಿರುತ್ತಾರೆ. ಅಂಥ ತಾಟು ಕಂಡರೆ ಎತ್ತಿ ನೋಡಬೇಡಿ.

ನಕಾಶೆಪ್ರಿಯ

ಎಲ್ಲರಿಗೂ ಧನ್ಯವಾದ. ಇಷ್ಟು ಬರೆದುಕೊಂಡಿದ್ದೇವೆ: ಬೆಳಿಗ್ಗೆ 9:30 ಕಾರ್ಕಮ್ರೋ. 12:15 ಕಿಲ್‌ಫೆನೋರಾ, ಕಂಪಾಸ್, ಪಶ್ಚಿಮದ ಶಿಲುಬೆಯ ಪೂರ್ವ ಮುಖ. ಆಮೇಲೆ ಅದರ ಪಶ್ಚಿಮ ಮುಖ. 14:30ರಿಂದ ಗಾಜಿನ ಕೆಳಗೆ ಕೊಡೆ, ಟಾರ್ಚು. 16:00 ಕಿಲಿನಬಾಯ್. 18:10 ಡೈಸರ್ಟ್. ಕಿಲ್ಲಲೂ ಕೂಡ ಸೇರಿಸಬಹುದಾ?

ಉಳಿಸುತ್ತಿಗೆ

ಬ್ಯಾಡ. ಕಿಲ್ಲಲೂದಾಗ ಕಿಲ್‌ಫೆನೋರಾದ ಶಿಲುಬಿ ಜೊತಿಗೆ ತೋರ್ಗ್ರಿಮನ ಕಲ್ಲು ಅದ, ಒಂದs ಕಲ್ಲಿನ ಮ್ಯಾಲೆ ವೈಕಿಂಗರ ರೂನ್ ಅಕ್ಷರ, ಐರಿಷರ ಓಘಮ್ ಗೀರು ಎರಡೂ. ಅದಕ್ಕ ಬ್ಯಾರೆ ದಿನ ಬೇಕು.

ಮೂರನೇಕಣ್ಣು

ಎರಡು ತಿದ್ದುಪಡಿ. ಕಿಲಿನಬಾಯ್‌ನ ಪಶ್ಚಿಮ ಗೋಡೆಗೆ 16:00 ತಡ, ಬೆಳಕು ನೇರವಾಗಿಬಿಟ್ಟಿರುತ್ತೆ. ಗಾಜಿನ ಕೆಳಗಿನ ಕೆಲಸ ಬಿಸಿಲು ಕೇಳಲ್ಲ, ಅದನ್ನು ಮೊದಲೇ ಶುರುಮಾಡಿ. ಕಿಲ್‌ಫೆನೋರಾಕ್ಕೆ 11:30ಕ್ಕೆ ಬಂದು ಡೋರ್ಟಿ ಮುಗಿಸಿ, ಆಮೇಲೆ ಹೊಲಕ್ಕೆ ಹೋಗಿ. 14:15ಕ್ಕೆ ಹೊರಟರೆ ಕಿಲಿನಬಾಯ್‌ನಲ್ಲಿ 14:35. ಡೈಸರ್ಟ್‌ಗೆ 18:10 ಅಂತ ಬರೆದದ್ದು ಬೆಳಕಿನ ಹೊತ್ತು, ಕಾರು ನಿಲ್ಲಿಸುವ ಹೊತ್ತಲ್ಲ. 17:40ಕ್ಕೆ ಅಲ್ಲಿರಿ. ಹುಲ್ಲು ಒದ್ದೆಯಿರುತ್ತೆ, ಟ್ರೈಪಾಡಿನ ಮೂರು ಕಾಲಿಗೂ ಚಪ್ಪಟೆ ಕಲ್ಲಲ್ಲ, ಬಾಟಲಿಯ ಮುಚ್ಚಳ ಇಡಿ. ಕಲ್ಲನ್ನು ಇದ್ದಲ್ಲಿಂದ ಎತ್ತಬೇಡಿ.